ವಾಡೆ ಬೆಳೆಸಿದ ಗಂಧರ್ವ. ಇನ್ನು ಸರಕಾರದ ಪಾಳಿ

ಹುಬ್ಬಳ್ಳಿಯಲ್ಲಿ ಕುಂದಗೋಳ ಬಸ್ಸಿಗೆ ಕಾಯುವ ಮಂದಿಗೆ ಆ ಊರು ಅಂದರೆ ಮೆಣಸಿನಕಾಯಿ, ಹತ್ತಿ. ಹಾಡಿಕೆ ಬಲ್ಲವರಿಗೆ ಮಾತ್ರ ಕುಂದಗೋಳ ಅಂದರೆ ಸವಾಯಿ ಗಂಧರ್ವರು.

ಇವರ ಹೆಸರು ರಾಮಚಂದ್ರ ಗಣೇಶ ಸೌಂಶಿ. ಜನ ಕರೆದದ್ದು ರಾಮಭಾವು. ಹುಟ್ಟಿದ್ದು 1886ರಲ್ಲಿ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಂದೆ ಊರ ಜಮೀನುದಾರರಾದ ನಾಡಿಗೇರರಲ್ಲಿ ಕಾರಕೂನರು. ಕಾರಕೂನಿಕೆಯ ಪಗಾರದಲ್ಲಿ ಮಗನಿಗೆ ದೊಡ್ಡ ಉಸ್ತಾದರಿಂದ ಪಾಠ ಹೇಳಿಸುವುದು ಆಗದ ಮಾತು. ಆದರೆ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಪ್ರವಾಸದಲ್ಲಿ ನಾಡಿಗೇರ ವಾಡೆಗೆ ಬಂದು ಇಳಿಯುತ್ತಿದ್ದರು. ಹುಡುಗನಿಗೆ ಅಲ್ಲೇ ದಾರಿ ಸಿಕ್ಕಿತು. ಎಂಟು ವರ್ಷ ಬಿಡದೆ ಕಲಿಯಬೇಕೆಂಬ ಕರಾರಿನ ಮೇಲೆ ಖಾನಸಾಹೇಬರು ಒಪ್ಪಿದರೆಂದು ಹೇಳುತ್ತಾರೆ.

ಪ್ರಾಯಕ್ಕೆ ಬಂದಾಗ ರಾಮಭಾವು ಅವರ ದನಿ ಒಡೆಯಿತು. ಹಟ ಹಿಡಿದು ಸಾಧನೆ ಮಾಡಿ ಆ ದನಿಯನ್ನೇ ಪಳಗಿಸಿದರು. ಮುಂದೆ ಮರಾಠಿ ನಾಟಕ ಕಂಪನಿ ಸೇರಿ ಸ್ತ್ರೀ ಪಾತ್ರಗಳಲ್ಲಿ ಮೆರೆದರು. ಗುರುಗಳಿಗೆ ಇದು ಹಿಡಿಸಲಿಲ್ಲ. ಆದರೂ ಹೊಟ್ಟೆ ತುಂಬಿಸಿದ್ದು ನಾಟಕದ ಟಿಕೇಟು. ಬಿರುದು ಬಂದದ್ದೂ ಆ ಕಾಲದಲ್ಲೇ. ಸವಾಸೇರಿನ ಲೆಕ್ಕ ಬಲ್ಲ ಅಂಗಡಿಕಾರರಿಗೆ ಅರ್ಥ ಹೇಳಬೇಕಿಲ್ಲ: ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು.

ನಾಟಕ ಬಿಟ್ಟು ಊರಿಗೆ ಮರಳಿದ ಮೇಲೆ ಅವರ ಮನೆಯೇ ಶಾಲೆಯಾಯಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಓಡಾಡಿ ಕಲಿತರು. ಗದುಗಿನ ಹುಡುಗ ಭೀಮಸೇನ ಜೋಶಿ ಗುರುಗಳ ಮನೆಗೆ ನೀರು ಹೊತ್ತು ಕಲಿತರು. ಒಬ್ಬರಿಗೆ 2002ರಲ್ಲಿ ಪದ್ಮವಿಭೂಷಣ ಬಂತು, ಇನ್ನೊಬ್ಬರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ಇಬ್ಬರನ್ನೂ ತಿದ್ದಿದ್ದು ಒಂದೇ ಮನೆ.

1940ರ ದಶಕದ ಆರಂಭದಲ್ಲಿ ರಾಮಭಾವು ಅವರಿಗೆ ಲಕ್ವಾ ಹೊಡೆಯಿತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ದಿಲ್ಲಿಯಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಉದ್ಘಾಟನೆಯಾದದ್ದು 1953ರ ಜನವರಿಯಲ್ಲಿ, ಇವರು ಕಣ್ಣು ಮುಚ್ಚಿ ನಾಲ್ಕು ತಿಂಗಳ ಮೇಲೆ!

ಅಂದರೆ ಇವರನ್ನು ಬೆಳೆಸಿದ್ದು ವಾಡೆಯ ಆಶ್ರಯ, ನಾಟಕದ ಗಲ್ಲೆ. ಶಿಷ್ಯರನ್ನು ತಂದದ್ದು ರೈಲು. ಈಗ ಜಮೀನುದಾರಿಕೆಯೂ ಇಲ್ಲ, ಆ ಕಂಪನಿಗಳೂ ಇಲ್ಲ. ವಾಡೆಯಲ್ಲಿ ವರ್ಷಕ್ಕೊಮ್ಮೆ ಪುಣ್ಯತಿಥಿಯ ಸಂಗೀತೋತ್ಸವ ನಡೆದು ಬಂದಿದೆ. ಉಳಿದ ದಿನಗಳ ಹೊಣೆ ಯಾರದು? ಸರಕಾರದ್ದೇ.

ಸರಕಾರ ಏನೂ ಮಾಡಿಲ್ಲ ಅನ್ನುವುದು ಸುಳ್ಳು. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಕಲಾವಿದರಿಗೆ ತಿಂಗಳ ಪಗಾರ ಕೊಟ್ಟಿತು, ಅವರ ಹಾಡು ಹಳ್ಳಿಹಳ್ಳಿಗೆ ಮುಟ್ಟಿಸಿತು. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹೆಸರಿನ ಗುರುಕುಲ 2011ರಲ್ಲಿ ಆರಂಭವಾಯಿತು. ಇವು ಸರಿಯಾದ ಕೆಲಸಗಳು. ಯಾಕೆಂದರೆ ವಾಡೆ ಕೊಟ್ಟದ್ದು ಶಾಲು, ಹಾರ ಅಷ್ಟೇ ಅಲ್ಲ. ಉಳಿಯಲು ಜಾಗ, ಊಟ, ಕೂತು ಕೇಳುವ ಕಿವಿ.

ಇನ್ನು ಬೇಕಾದ್ದೂ ಅಂಥದ್ದೇ. ಕಲಿಸುವ ಗುರುಗಳಿಗೆ ತಿಂಗಳು ತಪ್ಪದೆ ಪಗಾರ. ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಯ ಬಡ ಹುಡುಗರಿಗೆ ಊಟ, ವಸತಿ. ತಬಲಾ, ಪೇಟಿ ಸಾಥಿಗೂ ತಕ್ಕ ಸಂಭಾವನೆ. ಕಚೇರಿ ಮುಗಿದ ರಾತ್ರಿ ಊರು ಮುಟ್ಟಲು ಒಂದು ಬಸ್ಸು. ಇಷ್ಟಾದರೆ ಮತ್ತೊಬ್ಬ ಕಾರಕೂನನ ಮಗ ಹಾಡಿಯಾನು.