ಕಲ್ಯಾಣ ಸೀಮೆಯ ಉಂಡಿ, ಅಳ್ಳು, ಚಿಗಳಿ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆತಿಂಡಿಗಳಿಗೆ ಬೇಕಾಗುವ ಸಾಮಾನು ಬಹಳ ಕಡಿಮೆ. ಜೋಳ, ಕಡಲೆ, ಶೇಂಗಾ, ಎಳ್ಳು, ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಇಷ್ಟಿದ್ದರೆ ವರ್ಷದ ಮುಕ್ಕಾಲು ಪಾಲು ತಿನಿಸು ಆಗಿಹೋಗುತ್ತದೆ. ಇದಕ್ಕೆ ಕಾರಣ ಅಲ್ಲಿನ ಹೊಲ. ಮುಂಗಾರಿನಲ್ಲಿ ಹೆಸರು, ಉದ್ದು, ತೊಗರಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ನೀರಿನ ಆಸರೆ ಇದ್ದಲ್ಲಿ ಕಬ್ಬು. ಭತ್ತ ಕಡಿಮೆ, ತೆಂಗು ಇನ್ನೂ ಕಡಿಮೆ. ಮೈಸೂರು ಕಡೆಯ ಅಕ್ಕಿಹಿಟ್ಟಿನ ಕೋಡುಬಳೆಯಾಗಲಿ, ಕರಾವಳಿಯ ಹಸಿತೆಂಗಿನ ಸಿಹಿಯಾಗಲಿ ಇಲ್ಲಿನ ನಿತ್ಯದ ತಿನಿಸಲ್ಲ. ಇಲ್ಲಿಯದು ಕಾಳನ್ನು ಹುರಿದು, ಕುಟ್ಟಿ, ಬೆಲ್ಲ ಬೆರೆಸುವ ಅಡುಗೆ. ಇವುಗಳಲ್ಲಿ ಹಲವನ್ನು ಒಲೆಯ ಕೆಲಸಕ್ಕೆ ಮಾತ್ರ ದೊಡ್ಡವರ ನೆರವು ಪಡೆದು ಹತ್ತು ವರ್ಷದ ಮಕ್ಕಳೂ ಮಾಡಬಹುದು, ಊರು ಯಾವುದೇ ಇರಲಿ.

ಬಸವಕಲ್ಯಾಣ ಹಿಂದೆ ಬರಿಯ ಕಲ್ಯಾಣ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಇತರ ಶರಣರೂ ಬದುಕಿದ್ದು ಇದೇ ಊರಿನಲ್ಲಿ. ಅವರಿಗಿಂತ ತುಸು ಮೊದಲು, 1130ರ ಆಸುಪಾಸಿನಲ್ಲಿ, ಇಲ್ಲಿ ಆಳುತ್ತಿದ್ದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ 100 ಅಧ್ಯಾಯಗಳಿವೆ. ರಾಜ್ಯವಾಳುವುದು, ಆನೆ ಪಳಗಿಸುವುದು, ಸಂಗೀತ, ಚಿತ್ರಕಲೆಗಳ ಜೊತೆಗೆ ಊಟದ ವಿಚಾರಕ್ಕೂ ಅದರಲ್ಲಿ ಸ್ಥಾನವಿದೆ. ಉದ್ದಿನಿಂದ ಮಾಡುವ ಇಡ್ಡರಿಕಾ, ಇಂದಿನ ದೋಸೆಯ ಹೆಸರನ್ನು ನೆನಪಿಸುವ ದೋಸಕಾ, ಗೋದಿಯ ಮಂಡಕಾ, ಕಡಲೆಹಿಟ್ಟಿಗೆ ಇಂಗು, ಉಪ್ಪು, ಮೆಣಸು ಕಲಸಿ ಎಣ್ಣೆಯಲ್ಲಿ ಕರಿಯುವ ಪೂರಿಕಾ, ಇವೆಲ್ಲ ಅಲ್ಲಿ ಬರುತ್ತವೆ. ಒಬ್ಬ ದೊರೆ ಕುಳಿತು ತಿಂಡಿ ಮಾಡುವ ಬಗೆಯನ್ನು ಬರೆಸಿಟ್ಟದ್ದು ಸಣ್ಣ ಸಂಗತಿಯಲ್ಲ. ಸುಮಾರು 900 ವರ್ಷದ ಹಿಂದಿನ ಅಡುಗೆಮನೆಯೊಳಗೆ ಇಣುಕಿ ನೋಡಲು ಕನ್ನಡ ನಾಡಿಗೆ ಇಂಥ ಕಿಟಕಿ ಹೆಚ್ಚಿಲ್ಲ.

ಆ ಅಡುಗೆಮನೆಯಲ್ಲಿ ಮೆಣಸಿನಕಾಯಿ ಇರಲಿಲ್ಲ, ಶೇಂಗಾ ಇರಲಿಲ್ಲ. ಎರಡೂ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ಪೋರ್ಚುಗೀಸರ ಹಡಗು ಭಾರತಕ್ಕೆ ಬಂದ ನಂತರದ ಕಾಲದಲ್ಲಷ್ಟೇ ಅವು ಇಲ್ಲಿಗೆ ತಲುಪಿದವು. ಸೋಮೇಶ್ವರನ ಅಡುಗೆಯವರು ಖಾರಕ್ಕೆ ಕರಿಮೆಣಸನ್ನೇ ಹಾಕುತ್ತಿದ್ದರು. ಈಗ ಈ ಸೀಮೆಯ ಗುರುತೇ ಆಗಿರುವ ಶೇಂಗಾ ಉಂಡಿಯ ರುಚಿ ಶರಣರ ಕಾಲದ ಮಕ್ಕಳಿಗೆ ಗೊತ್ತಿರಲಿಲ್ಲ. ಎಳ್ಳು, ಕಡಲೆ, ಬೆಲ್ಲ ಮಾತ್ರ ಆಗಿನಿಂದಲೂ ಇವೆ.

ಉಂಡಿಗಳ ಕಾಲ ಶ್ರಾವಣ. ದಕ್ಷಿಣದವರು ಉಂಡೆ ಎಂದರೆ ಇಲ್ಲಿನವರು ಉಂಡಿ ಎನ್ನುತ್ತಾರೆ. ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮರದ ಕೊಂಬೆಗೆ ಜೋಕಾಲಿ ಕಟ್ಟುತ್ತಾರೆ, ಮನೆಮನೆಯಲ್ಲಿ ಡಬ್ಬಿಗಳು ತುಂಬುತ್ತವೆ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡಬಾರದು ಎಂಬ ನೇಮ ಅನೇಕ ಮನೆಗಳಲ್ಲಿದೆ. ಹಾಗಾಗಿ ಎಲ್ಲವನ್ನೂ ಎರಡು ಮೂರು ದಿನ ಮೊದಲೇ ಮಾಡಿಡಬೇಕು. ಕೆಡದೆ ಉಳಿಯುವ ತಿನಿಸೇ ಹಬ್ಬದ ತಿನಿಸಾಗಿರುವುದಕ್ಕೆ ಇದೂ ಒಂದು ಕಾರಣ. ಎಳ್ಳಿನ ಉಂಡಿ, ರವಾ ಉಂಡಿ, ಬೇಸನ್ ಉಂಡಿ, ಪುಟಾಣಿ ಹಿಟ್ಟಿನ ತಂಬಿಟ್ಟು ಎಲ್ಲವೂ ಇರುತ್ತವೆ. ಮೊದಲು ಕಲಿಯಬೇಕಾದದ್ದು ಶೇಂಗಾ ಉಂಡಿ. ಅದಕ್ಕೆ ಪಾಕ ಬೇಡ, ತುಪ್ಪ ಬೇಡ.

ಎರಡು ಬಟ್ಟಲು ಶೇಂಗಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 10ರಿಂದ 12 ನಿಮಿಷ ಕೈಬಿಡದೆ ಹುರಿಯಬೇಕು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿ, ಚಟಚಟ ಸದ್ದು ಬಂದರೆ ಹದ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಬೇಕು. ಮೊರ ಇಲ್ಲದವರು ಅಗಲ ತಟ್ಟೆಯಲ್ಲಿ ಹಾಕಿ ಬಾಗಿಲ ಹೊರಗೆ ಊದಿದರೂ ಸಾಕು. ಆಮೇಲೆ ತರಿತರಿಯಾಗಿ ಕುಟ್ಟಿ, ಒಂದು ಬಟ್ಟಲು ಪುಡಿಬೆಲ್ಲ, ಎರಡು ಏಲಕ್ಕಿಯ ಪುಡಿ ಸೇರಿಸಿ ಮತ್ತೆ ಕುಟ್ಟಬೇಕು. ಮಿಕ್ಸರ್ ಆದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಉಂಡಿಯ ಹಿಟ್ಟು ಬೆಣ್ಣೆಯ ಹಾಗೆ ಅಂಟಾಗಿಬಿಡುತ್ತದೆ. ಶೇಂಗಾ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಕುಟ್ಟಿದಾಗ ಆ ಎಣ್ಣೆ ಹೊರಬಂದು ಬೆಲ್ಲವನ್ನು ಮೆತ್ತಗೆ ಮಾಡುತ್ತದೆ, ಬೆಲ್ಲ ಕಾಳಿನ ತರಿಯನ್ನು ಹಿಡಿದುಕೊಳ್ಳುತ್ತದೆ. ಒಂದು ಹಿಡಿ ತೆಗೆದು ಅಂಗೈಯಲ್ಲಿ ಬಿಗಿಯಾಗಿ ಒತ್ತಿದರೆ ಉಂಡಿ ತಯಾರು. ಶೇಂಗಾ ಒಗ್ಗದ ಮಕ್ಕಳಿರುವ ಕಡೆ, ಅಥವಾ ಶಾಲೆಗೆ ಶೇಂಗಾ ತರಬಾರದು ಎಂಬ ನಿಯಮವಿರುವ ಕಡೆ, ಪುಟಾಣಿ ತಂಬಿಟ್ಟು ಒಳ್ಳೆಯದು. ಪುಟಾಣಿ ಎಂದರೆ ಹುರಿಗಡಲೆ. ಅದರ ಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ, ಬಿಸಿ ತುಪ್ಪ ಹಾಕಿ ಕಟ್ಟಿದರೆ ಮುಗಿಯಿತು.

ಪಂಚಮಿಯ ಇನ್ನೊಂದು ತಿನಿಸು ಜೋಳದ ಅಳ್ಳು. ಬರಹದಲ್ಲಿ ಅರಳು, ಬಾಯಿಮಾತಿನಲ್ಲಿ ಅಳ್ಳು. ಜೋಳಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ಒಂದು ರಾತ್ರಿ ಇಟ್ಟು, ಮರುದಿನ ಚೆನ್ನಾಗಿ ಕಾದ ಪಾತ್ರೆಯಲ್ಲಿ ಒಂದೊಂದೇ ಹಿಡಿ ಹಾಕಿ ಹುರಿದರೆ ಕಾಳು ಬಿರಿದು ಹೂವಾಗುತ್ತದೆ. ಕಾಳಿನೊಳಗಿನ ತೇವ ಕಾವಿಗೆ ಹಬೆಯಾಗುತ್ತದೆ. ಗಟ್ಟಿಯಾದ ಹೊರಸಿಪ್ಪೆ ಅದನ್ನು ತಡೆದಷ್ಟೂ ತಡೆದು ಕೊನೆಗೆ ಒಡೆಯುತ್ತದೆ. ಪಾಪ್‌ಕಾರ್ನ್ ಆಗುವುದೂ ಹೀಗೆಯೇ, ಆದರೆ ಜೋಳದ ಅಳ್ಳು ಅದಕ್ಕಿಂತ ತೀರ ಚಿಕ್ಕದು, ಹಗುರ. ಎಲ್ಲ ಜೋಳವೂ ಅರಳುವುದಿಲ್ಲ. ಹಾಗಾಗಿ ಹಳ್ಳಿಗಳಲ್ಲಿ ಅಳ್ಳಿನ ಜೋಳವೆಂದೇ ಬೇರೆ ತಳಿಯನ್ನು ಎರಡು ಸಾಲಾದರೂ ಬಿತ್ತುವ ರೂಢಿ ಇತ್ತು. ಜೋಳದ ತವರು ಆಫ್ರಿಕ. ಇಂದು ಅದನ್ನು ಅತಿ ಹೆಚ್ಚು ಬೆಳೆಯುವ ದೇಶಗಳಲ್ಲಿ ಅಮೆರಿಕವೂ ಒಂದು, ಅಲ್ಲಿ ಬಹುಪಾಲು ದನಗಳ ಆಹಾರಕ್ಕೂ ಇಂಧನ ತಯಾರಿಕೆಗೂ ಹೋಗುತ್ತದೆ. ಸಿಪ್ಪೆ ತೆಗೆಯದ ಇಡೀ ಕಾಳು ಸಿಕ್ಕಿದರೆ ದಪ್ಪ ಪಾತ್ರೆ, ಮುಚ್ಚಳ, ಎರಡು ಚಮಚೆ ಕಾಳು ಇಟ್ಟುಕೊಂಡು ಅಲ್ಲಿಯೂ ಅಳ್ಳು ಹುರಿಯಬಹುದು. ಅರ್ಧ ಕಾಳು ಅರಳದೆ ಉಳಿದರೆ ಬೇಸರ ಬೇಡ, ಊರಿನಲ್ಲೂ ಉಳಿಯುತ್ತವೆ.

ದೀಪಾವಳಿಗೆ ಕರಿದ ತಿಂಡಿಗಳ ಸರದಿ. ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ, ಅನಾರಸ ಇವು ಗಡಿಯಾಚೆಯ ಮರಾಠಿ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಹೆಸರಿನಿಂದ ಇವೆ. ಇವುಗಳ ನಡುವೆ ವರ್ಷವಿಡೀ ನಡೆಯುವುದು ಚೂಡಾ. ತೆಳು ಅವಲಕ್ಕಿಯನ್ನು ಬಿಸಿಲಿಗಿಟ್ಟು, ಬಿಸಿಲಿಲ್ಲದಿದ್ದರೆ ಸಣ್ಣ ಕಾವಿನ ಒವನ್‌ನಲ್ಲಿಟ್ಟು, ಗರಿಗರಿ ಮಾಡಿಕೊಳ್ಳಬೇಕು. ಎಣ್ಣೆಯಲ್ಲಿ ಸಾಸಿವೆ, ಶೇಂಗಾ, ಪುಟಾಣಿ, ಒಣಕೊಬ್ಬರಿ ಚೂರು, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಒಂದಾದ ಮೇಲೊಂದು ಹುರಿದು, ಅರಿಶಿನ, ಉಪ್ಪು, ಚೂರು ಸಕ್ಕರೆ ಹಾಕಿ ಅವಲಕ್ಕಿ ಬೆರೆಸಬೇಕು. ಕರಿಬೇವು, ಮೆಣಸಿನಕಾಯಿಗಳಲ್ಲಿ ನೀರಿನ ಪಸೆ ಉಳಿದರೆ ಎರಡೇ ದಿನಕ್ಕೆ ಚೂಡಾ ಮೆತ್ತಗಾಗುತ್ತದೆ. ಅವು ಕೈಯಲ್ಲಿ ಪುಡಿಯಾಗುವಷ್ಟು ಹುರಿದರೆ ಮೂರು ವಾರ ಇರುತ್ತದೆ. ಇದಕ್ಕೆ ತದ್ವಿರುದ್ಧ ಸುಸಲಾ. ಚುರುಮುರಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹುಣಸೆಹುಳಿ, ಪುಟಾಣಿ ಪುಡಿಯ ಒಗ್ಗರಣೆಗೆ ಹಾಕಿ ಬಿಸಿಬಿಸಿ ತಿನ್ನಬೇಕು, ಜೊತೆಗೆ ಮಿರ್ಚಿ ಭಜಿ.

ಚಳಿಗಾಲದಲ್ಲಿ ತಿಂಡಿ ಹೊಲದಿಂದ ನೇರ ಬಾಯಿಗೆ ಬರುತ್ತದೆ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿ ತೆಗೆದ ಸೀತನಿ, ಹಸಿ ಕಡಲೆಯ ಸುಲಗಾಯಿ, ಗಾಣದಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ಮೊದಲಿನ ಕಾಕವಿ, ಇವಕ್ಕೆ ಅಡುಗೆ ಪುಸ್ತಕ ಬೇಕಿಲ್ಲ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜೆಯ ರೊಟ್ಟಿ, ಹಸಿಕಾಳು ತರಕಾರಿಗಳ ಭಜ್ಜಿ, ಜೋಳದ ಅಂಬಲಿ ಉಣ್ಣುತ್ತಾರೆ. ಗಡಿಯಾಚೆಯ ಲಾತೂರು ಕಡೆಯೂ ಇದೇ ಹಬ್ಬವಿದೆ, ಅಲ್ಲಿ ಅದು ವೇಳ ಅಮಾವಾಸ್ಯೆ. ಸಂಕ್ರಾಂತಿಗೆ ಕುಸುರೆಳ್ಳು. ಅಗಲ ತಟ್ಟೆಯಲ್ಲಿ ಎಳ್ಳು ಹರವಿ, ಸಣ್ಣ ಕೆಂಡದ ಕಾವಿನಲ್ಲಿ, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳಿನಿಂದ ಆಡಿಸುತ್ತಲೇ ಇರಬೇಕು. ಪ್ರತಿ ಹನಿಯೂ ಒಣಗಿ ಎಳ್ಳಿನ ಮೈಮೇಲೆ ಹರಳಾಗುತ್ತದೆ. ಗಂಟೆಗಟ್ಟಲೆ ಮಾಡಿದ ಮೇಲೆ ಒಂದೊಂದು ಕಾಳಿಗೂ ಬಿಳಿ ಮುಳ್ಳು ಮೂಡುತ್ತದೆ. ಅಂಗಡಿಯದು ಸುಲಭವಾಗಿ ಸಿಗುವುದರಿಂದ ಈಗ ಮನೆಯಲ್ಲಿ ಮಾಡುವವರು ವಿರಳ. ಕಳೆದುಹೋಗಬಾರದ ಕೈಗೆಲಸಗಳಲ್ಲಿ ಇದು ಒಂದು.

ಚಳಿ ಇಳಿಯುವ ಹೊತ್ತಿಗೆ ಹುಣಸೆ ಹಣ್ಣಾಗುತ್ತದೆ. ಆಗ ಮಕ್ಕಳೇ ಯಜಮಾನರಾಗುವ ತಿನಿಸು ಚಿಗಳಿ. ಬೀಜ, ನಾರು ತೆಗೆದ ಒಂದು ಬಟ್ಟಲು ಹುಣಸೆಹಣ್ಣು, ಮುಕ್ಕಾಲು ಬಟ್ಟಲು ಬೆಲ್ಲ, ಒಂದು ಚಮಚೆ ಹುರಿದ ಜೀರಿಗೆ, ಅರ್ಧ ಚಮಚೆ ಉಪ್ಪು, ತಾಳುವಷ್ಟು ಖಾರದ ಪುಡಿ. ಇವನ್ನು ಕಲ್ಲಿನಲ್ಲಿ ಹಾಕಿ ಒಂದು ಮುದ್ದೆಯಾಗುವ ತನಕ ಕುಟ್ಟಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಕಡ್ಡಿಗೆ ಸಿಕ್ಕಿಸಿ ಚೀಪುವುದು. ನೀರು ಒಂದು ಹನಿಯೂ ಬೇಡ, ಒಲೆಯೂ ಬೇಡ. ಹುಣಸೆಯ ಹುಳಿ, ಬೆಲ್ಲ, ಉಪ್ಪು ಮೂರೂ ಕೆಡದಂತೆ ಕಾಯುವುದರಿಂದ ಇದು ವಾರಗಟ್ಟಲೆ ಇರಬಲ್ಲದು, ಆದರೆ ಅಷ್ಟು ದಿನ ಯಾವ ಮನೆಯಲ್ಲೂ ಉಳಿಯುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಗಾಳಿಯಲ್ಲಿ ತೇವವಿಲ್ಲದ ಆ ದಿನಗಳಲ್ಲಿ ಮಳೆಗಾಲಕ್ಕೆ ಬೇಕಾದದ್ದನ್ನೆಲ್ಲ ಒಣಗಿಸಿಡುತ್ತಾರೆ. ಹಪ್ಪಳ, ಸಂಡಿಗೆ, ಶಾವಿಗೆ ಮಾಳಿಗೆಯ ಮೇಲೆ ಹಳೆಯ ಸೀರೆಗಳ ಮೇಲೆ ಸಾಲಾಗಿ ಹರಡುತ್ತವೆ. ಕಾಗೆ ಓಡಿಸುವ ಕೆಲಸ ಮಕ್ಕಳದು, ಅರ್ಧ ಒಣಗಿದ ಸಂಡಿಗೆ ತಿನ್ನುವ ಹಕ್ಕೂ ಅವರದೇ. ಎಲ್ಲಕ್ಕಿಂತ ಶ್ರಮದ್ದು ಕುರಡಿಗೆ. ಗೋದಿಯನ್ನು ಮೂರು ದಿನ ದಿನವೂ ನೀರು ಬದಲಿಸಿ ನೆನೆಸಿ, ಅರೆದು ಹಾಲು ತೆಗೆದು, ಗಂಜಿಯಂತೆ ಬೇಯಿಸಿ, ಒತ್ತೊರಳಿನಲ್ಲಿ ಶಾವಿಗೆಯಂತೆ ಒತ್ತಿ ಒಣಗಿಸುತ್ತಾರೆ. ಎಣ್ಣೆಗೆ ಬಿದ್ದರೆ ಅದು ಬೆಳ್ಳಗೆ ಹೂವಿನ ಹಾಗೆ ಅರಳುತ್ತದೆ. ಇದೇ ಬಿಸಿಲಲ್ಲಿ ಒಣಗಿದ ಶಾವಿಗೆ ಒಂದು ಮನೆಯಲ್ಲಿ ಬೆಲ್ಲದ ಪಾಯಸವಾದರೆ, ಪಕ್ಕದ ಮುಸ್ಲಿಂ ಮನೆಯಲ್ಲಿ ರಂಜಾನ್ ಹಬ್ಬದ ದಿನ ಖರ್ಜೂರ ಹಾಕಿದ ಶೀರ್ ಖುರ್ಮಾ ಆಗುತ್ತದೆ.

ದಿನದ ಊಟಕ್ಕೆ ಹಿಂಡಿ. ಬೇರೆ ಕಡೆ ಈ ಮಾತಿಗೆ ದನಗಳಿಗೆ ಹಾಕುವ ಎಣ್ಣೆಕಾಳಿನ ಹಿಂಡಿ ಎಂದಷ್ಟೇ ಅರ್ಥ. ಇಲ್ಲಿ ಒಣ ಚಟ್ನಿಪುಡಿಗೂ ಅದೇ ಹೆಸರು. ಶೇಂಗಾ, ಅಗಸಿ, ಗುರೆಳ್ಳು ಮೂರರಿಂದಲೂ ಮಾಡುತ್ತಾರೆ. ಕಾಳನ್ನು ಹುರಿದು, ಬೆಳ್ಳುಳ್ಳಿ, ಜೀರಿಗೆ, ಖಾರದ ಪುಡಿ, ಉಪ್ಪಿನೊಂದಿಗೆ ಕುಟ್ಟುವುದಷ್ಟೇ ಕೆಲಸ. ಜೋಳದ ಕಟಕ ರೊಟ್ಟಿಯ ಜೊತೆ ಮೊಸರು ಅಥವಾ ಎಣ್ಣೆ ಹಾಕಿ ಕಲಸಿ ತಿನ್ನುತ್ತಾರೆ. ಪರದೇಶಕ್ಕೆ ಹೊರಡುವವರ ಪೆಟ್ಟಿಗೆಯಲ್ಲಿ ಮೊದಲು ಸೇರುವುದು ಕಟಕ ರೊಟ್ಟಿ, ಹಿಂಡಿ ಈ ಎರಡೇ.

ಉಪ್ಪಿನಕಾಯಿಗಳಲ್ಲಿ ಮಕ್ಕಳಿಗೆ ಹೇಳಿಸಿದ್ದು ನಿಂಬೆಯದು. ಅರ್ಧ ಕಿಲೋ ನಿಂಬೆಹಣ್ಣು ತೊಳೆದು, ಒರೆಸಿ, ಪೂರಾ ಒಣಗಿದ ಮೇಲೆ ಎಂಟು ಹೋಳು ಮಾಡಬೇಕು. 100 ಗ್ರಾಂ ಉಪ್ಪು, ಒಂದು ಚಮಚೆ ಅರಿಶಿನ ಬೆರೆಸಿ ಗಾಜಿನ ಬಾಟಲಿಗೆ ತುಂಬಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ದಿನಕ್ಕೊಮ್ಮೆ ಕುಲುಕಬೇಕು. ಉಪ್ಪು ಹೋಳಿನೊಳಗಿನ ರಸವನ್ನು ಹೊರಕ್ಕೆ ಎಳೆಯುತ್ತದೆ. ಎರಡು ಮೂರು ದಿನಕ್ಕೆ ಹೋಳುಗಳು ತಮ್ಮ ರಸದಲ್ಲೇ ಮುಳುಗುತ್ತವೆ. ಉಪ್ಪೂ ಹುಳಿಯೂ ಅಷ್ಟಿರುವಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ನಾಲ್ಕರಿಂದ ಆರು ವಾರಕ್ಕೆ ಸಿಪ್ಪೆ ಮೆತ್ತಗಾದಾಗ ಖಾರದ ಪುಡಿ, ಹುರಿದ ಮೆಂತ್ಯದ ಪುಡಿ, ಇಂಗು ಸೇರಿಸಬೇಕು. ಬಾಟಲಿಗೆ ಹಾಕುವ ಚಮಚೆ ಯಾವಾಗಲೂ ಒಣಗಿರಬೇಕು.