ಚಿತ್ರ ಮತ್ತು ಮಾತನ್ನು ಬೆಸೆದ ಅನಂತ ಪೈಗಳು

ನಮ್ಮ ರಾಯಬಾಗದ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತವೆ. ಇಲ್ಲಿಯ ಮಕ್ಕಳ ಮುಂದೆ ‘ಅಮರ ಚಿತ್ರಕಥೆ’ಯ ಒಂದೇ ಪುಸ್ತಕವನ್ನು ಎರಡೂ ಭಾಷೆಗಳಲ್ಲಿ ಇಟ್ಟರೆ, ಚಿತ್ರಗಳು ಅವೇ, ಮಾತಿನ ಗುಳ್ಳೆಯೊಳಗಿನ ಅಕ್ಷರಗಳು ಮಾತ್ರ ಬೇರೆ. ಚಿತ್ರವೂ ಮಾತೂ ಹೀಗೆ ಕೂಡಿ ದುಡಿಯುವ ಕಲೆಯನ್ನು ಭಾರತದ ಮಕ್ಕಳಿಗೆ ತಂದುಕೊಟ್ಟವರಲ್ಲಿ ಅನಂತ ಪೈಗಳು ಮುಖ್ಯರು.

ಪೈಗಳು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ ಜನಿಸಿದರು. ಎರಡನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಹನ್ನೆರಡರ ಪ್ರಾಯದಲ್ಲಿ ಮುಂಬಯಿ ಸೇರಿದರು. ಓದಿದ್ದು ರಸಾಯನಶಾಸ್ತ್ರ, ಮನಸ್ಸು ಒಲಿದದ್ದು ಪುಸ್ತಕ ಪ್ರಕಾಶನಕ್ಕೆ. 1954ರಲ್ಲಿ ಹೊರಡಿಸಿದ ‘ಮಾನವ’ ಎಂಬ ಮಕ್ಕಳ ಪತ್ರಿಕೆ ಬಾಳಲಿಲ್ಲ. ಆದರೂ ಅವರು ಎದೆಗುಂದಲಿಲ್ಲ. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ದುಡಿದು ಚಿತ್ರಕಥೆಯ ಮರ್ಮವನ್ನರಿತರು.

1967ರಲ್ಲಿ ದಿಲ್ಲಿಯಲ್ಲಿ ದೂರದರ್ಶನದ ಒಂದು ರಸಪ್ರಶ್ನೆಯನ್ನು ನೋಡುತ್ತಿದ್ದಾಗ, ಗ್ರೀಕ್ ದೇವತೆಗಳನ್ನು ಬಲ್ಲ ಮಕ್ಕಳು ರಾಮನ ತಾಯಿಯ ಹೆಸರು ತಿಳಿಯದೆ ತಡವರಿಸಿದರು. ಇದು ಅವರ ಮನಸ್ಸನ್ನು ಕಲಕಿತು. ಮುಂದೆ ರಾಮ ವಾಯೀರ್ಕರರ ಚಿತ್ರಗಳೊಡನೆ ‘ಕೃಷ್ಣ’ ಹೊರಬಂದಿತು. ಅದರ ಮೇಲಿದ್ದ ಸಂಖ್ಯೆ 11. ಮೊದಲ ಹತ್ತು ಎಲ್ಲಿ ಎಂದು ಕೇಳಬಹುದು. ಅವು ಕನ್ನಡದವು! ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು 1965ರಲ್ಲಿ ಕೈಹಾಕಿದ ಕನ್ನಡದ ಸಾಹಸವೇ ಈ ಮಾಲೆಯ ಬುನಾದಿ. ಪೈಗಳನ್ನು ಕೊಂಡಾಡುವಾಗ ಅವರನ್ನೂ ನೆನೆಯುವುದು ನ್ಯಾಯ.

ಚಿತ್ರಕಥೆಯ ಕೆಲಸ ಸುಲಭವಲ್ಲ. ಚಿತ್ರವು ತೋರಿಸಿದ್ದನ್ನು ಮಾತು ಮತ್ತೆ ಹೇಳಬಾರದು. ಮಾತು ತುಂಬಿ ಚಿತ್ರವನ್ನು ಮುಚ್ಚಲೂಬಾರದು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೃಷ್ಣನು ಬೆಟ್ಟವನ್ನೆತ್ತಿದನಂತೆ ಎಂದು ಬರೆಯುವವನು ‘ಅಂತೆ’ಯ ಮರೆಯಲ್ಲಿ ನಿಲ್ಲಬಲ್ಲ. ಚಿತ್ರಕಾರನಿಗೆ ‘ಅಂತೆ’ ಇಲ್ಲ. ಬೆಟ್ಟ ಬೆರಳ ಮೇಲಿರಬೇಕು, ಇಲ್ಲವೆ ನೆಲದ ಮೇಲಿರಬೇಕು. ವಿಜ್ಞಾನ ಓದಿದ್ದ ಪೈಗಳು ಪವಾಡಗಳಿಗೆ ಅಳುಕಿ ಮೊದಲ ಮುದ್ರಣದಲ್ಲಿ ಗೋವರ್ಧನವನ್ನು ಎತ್ತಿಸಲಿಲ್ಲ; ಮುಂದೆ ಮನಸ್ಸು ಬದಲಿಸಿ ಎತ್ತಿಸಿದರು. ಹಾಗೆಯೇ, ರಾಕ್ಷಸರಿಗೆ ಕಪ್ಪು ಮೈಬಣ್ಣ ಬಳಿದರೆಂಬ ಆಕ್ಷೇಪವನ್ನೂ ವಿಮರ್ಶಕರು ಎತ್ತಿದ್ದಾರೆ. ಮಾತು ಹೇಳದ ಪಾಠವನ್ನು ಬಣ್ಣ ಹೇಳಿಬಿಡುತ್ತದೆ. ಎಳೆಯ ಮನಸ್ಸು ಅದನ್ನೇ ನಂಬಿಬಿಡುತ್ತದೆ.

1980ರಲ್ಲಿ ಆರಂಭವಾದ ‘ಟಿಂಕಲ್’ ಪತ್ರಿಕೆಯಿಂದ ಅವರು ಮಕ್ಕಳ ಪಾಲಿನ ‘ಪೈ ಅಂಕಲ್’ ಆದರು. 2011ರ ಫೆಬ್ರುವರಿ 24ರಂದು ನಿಧನರಾದಾಗ ಅವರ ಮಾಲೆಯಲ್ಲಿ ನಾನೂರಕ್ಕೂ ಮಿಕ್ಕು ಪುಸ್ತಕಗಳಿದ್ದವು.

ನಮ್ಮಲ್ಲಿ ಅನೇಕರು ನಾಳೆ ಶಿಕ್ಷಕರಾಗುವವರು. ಮಕ್ಕಳ ಕೈಗೆ ಚಿತ್ರಕಥೆಯನ್ನು ಸಂತೋಷದಿಂದ ಕೊಡೋಣ. ಆದರೆ ಮಾತನ್ನು ಓದಿಸಿದಂತೆ ಚಿತ್ರವನ್ನೂ ಓದಲು ಕಲಿಸೋಣ.