ನಿಸ್ಸಂಗ ಸೇವಾಯೋಗಿ ಸ್ವಾಮಿ ರಾಮಕೃಷ್ಣಾನಂದರು

ಮನುಷ್ಯನ ದುಃಖಕ್ಕೆ ಮೂಲ ಯಾವುದೆಂಬ ಪ್ರಶ್ನೆಗೆ ಪತಂಜಲಿ ಮಹರ್ಷಿಗಳ ಯೋಗದರ್ಶನವು ಅವಿದ್ಯೆ ಎಂದು ಉತ್ತರಿಸುತ್ತದೆ. ನೋಡುವ ಆತ್ಮವು ತಾನು ನೋಡುವ ದೇಹ, ಮನಸ್ಸು, ಪದಾರ್ಥಗಳನ್ನೇ ತಾನೆಂದು ಭ್ರಮಿಸಿದಾಗ ರಾಗ ದ್ವೇಷಗಳೂ ಮರಣಭಯವೂ ಹುಟ್ಟುತ್ತವೆ. ಇವುಗಳಿಂದ ಬಿಡುಗಡೆ ಹೊಂದಲು ಅಭ್ಯಾಸ ಮತ್ತು ವೈರಾಗ್ಯಗಳೇ ಸಾಧನಗಳು. ಆದರೆ ವೈರಾಗ್ಯವೆಂದರೆ ಊರು ಬಿಟ್ಟು ಕಾಡು ಸೇರುವುದೇ? ಅಲ್ಲವೆಂಬುದನ್ನು ತಮ್ಮ ಬಾಳಿನಿಂದಲೇ ತೋರಿದವರು ಸ್ವಾಮಿ ರಾಮಕೃಷ್ಣಾನಂದರು.

೧೮೬೩ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯಲ್ಲಿ ಜನಿಸಿದ ಇವರ ಪೂರ್ವಾಶ್ರಮದ ಹೆಸರು ಶಶಿಭೂಷಣ. ೧೮೮೩ರಲ್ಲಿ ಶ್ರೀರಾಮಕೃಷ್ಣ ಪರಮಹಂಸರ ದರ್ಶನವಾಯಿತು. ಸೂಫಿ ಕವಿಗಳನ್ನು ಮೂಲದಲ್ಲಿ ಓದುವ ಆಸೆಯಿಂದ ಪಾರಸಿ ಕಲಿಯುತ್ತಿದ್ದ ಈ ತರುಣ ಒಮ್ಮೆ ಆ ಓದಿನಲ್ಲಿ ಮುಳುಗಿ ಗುರುಗಳ ಕರೆಯನ್ನೇ ಕೇಳಿಸಿಕೊಳ್ಳಲಿಲ್ಲ. ವಿದ್ಯೆಯೂ ಬಂಧನವಾಗಬಲ್ಲುದೆಂದು ಗುರುಗಳು ಎಚ್ಚರಿಸಿದಾಗ ಪುಸ್ತಕಗಳನ್ನು ಗಂಗೆಗೆ ಅರ್ಪಿಸಿಬಿಟ್ಟರು. ೧೮೮೬ರಲ್ಲಿ ಗುರುಗಳು ದೇಹವಿಟ್ಟ ಬಳಿಕ ಸೋದರ ಸಂನ್ಯಾಸಿಗಳು ತೀರ್ಥಾಟನೆಗೆ ಹೊರಟರೂ ಇವರು ಮಾತ್ರ ವರಾಹನಗರದ ಮಠದಲ್ಲಿಯೇ ನಿಂತು ಗುರುಪೂಜೆಯನ್ನು ಬಿಡದೆ ನಡೆಸಿದರು. ಒಂದೆಡೆ ನಿಲ್ಲುವುದೇ ಇವರ ತಪಸ್ಸಾಯಿತು.

ಅಷ್ಟು ಪ್ರಿಯವಾದ ಮಠವಾಸವನ್ನೂ ೧೮೯೭ರಲ್ಲಿ ವಿವೇಕಾನಂದರ ಒಂದು ಮಾತಿಗೆ ಬಿಟ್ಟು ಮದರಾಸಿಗೆ ಬಂದರು. ಅಲ್ಲಿ ವಾರಕ್ಕೆ ಹಲವು ತರಗತಿಗಳನ್ನು ನಡೆಸಿದರು. ಕೇಳುವವರು ಯಾರೂ ಬಾರದ ದಿನವೂ ತರಗತಿ ನಿಲ್ಲುತ್ತಿರಲಿಲ್ಲ. ಅದು ವ್ರತವೇ ಹೊರತು ಜನಮನ್ನಣೆಗಾಗಿ ಮಾಡುವ ಕೆಲಸವಲ್ಲವೆಂಬುದು ಅವರ ಭಾವನೆ. ವಾಸಿಸುತ್ತಿದ್ದ ಐಸ್ ಹೌಸ್ ಕಟ್ಟಡ ಹರಾಜಾಗುತ್ತಿದ್ದಾಗ ಭಕ್ತರು ಕಳವಳಗೊಂಡರೆ ಇವರು ಅದೇ ಆವರಣದಲ್ಲಿ ನಿಶ್ಚಿಂತರಾಗಿ ಕುಳಿತಿದ್ದರು.

ಬೆಂಗಳೂರಿಗೆ ಇವರು ಬಂದದ್ದು ೧೯೦೩ರ ಜುಲೈನಲ್ಲಿ, ಹಲಸೂರಿನ ವೇದಾಂತ ಸಂಘದವರ ಆಹ್ವಾನದ ಮೇರೆಗೆ. ಹಲಸೂರು ಆಗ ಬ್ರಿಟಿಷರ ಆಡಳಿತದ ದಂಡು ಪ್ರದೇಶಕ್ಕೆ ಸೇರಿತ್ತು; ಪೇಟೆಯ ಭಾಗ ಮೈಸೂರು ಸಂಸ್ಥಾನದ್ದು. ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಸೇರಿ ಸ್ವಾಗತಿಸಿದರು. ಸುಮಾರು ಮೂರು ವಾರಗಳ ಕಾಲ ಇಂಗ್ಲಿಷಿನಲ್ಲಿ ಉಪನ್ಯಾಸಗಳನ್ನು ನೀಡಿ, ಬೆಳಗು ಬೈಗು ಜಿಜ್ಞಾಸುಗಳ ಸಂದೇಹಗಳನ್ನು ಪರಿಹರಿಸಿದರು. ಅಂದು ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ. ೧೯೦೬ರಲ್ಲಿ ಅಭೇದಾನಂದರು ಬಸವನಗುಡಿಯ ಆಶ್ರಮಕ್ಕೆ ಅಡಿಗಲ್ಲಿಟ್ಟರು. ೧೯೦೯ರ ಜನವರಿಯಲ್ಲಿ ಬ್ರಹ್ಮಾನಂದರಿಂದ ಅದರ ಪ್ರಾರಂಭೋತ್ಸವ ನೆರವೇರಿತು. ಮುಂದೆ ಹಲಸೂರಿನಲ್ಲಿಯೂ ಶ್ರೀರಾಮಕೃಷ್ಣ ಮಠ ನೆಲೆಗೊಂಡಿತು. ಆತ್ಮಸ್ವರೂಪವನ್ನು ಕುರಿತ ಇವರ ಇಂಗ್ಲಿಷ್ ಉಪನ್ಯಾಸಗಳು ಗ್ರಂಥರೂಪದಲ್ಲಿಯೂ ಪ್ರಕಟವಾಗಿವೆ.

ಅವಿಶ್ರಾಂತ ದುಡಿಮೆಯಿಂದ ದೇಹ ಸವೆಯಿತು. ೧೯೧೧ರ ಮಾರ್ಚಿನಲ್ಲಿ ಶ್ರೀಮಾತೆ ಶಾರದಾದೇವಿಯವರು ಬೆಂಗಳೂರಿನ ಆಶ್ರಮಕ್ಕೆ ಬಂದಾಗ ಅವರ ಸೇವೆಯಲ್ಲಿ ನಿರತರಾಗಿದ್ದ ಇವರು, ಕೆಲವೇ ತಿಂಗಳಲ್ಲಿ ಕ್ಷಯರೋಗಪೀಡಿತರಾಗಿ ಕಲ್ಕತ್ತೆಯನ್ನು ಸೇರಿದರು. ಜ್ಞಾನಿಗೆ ರೋಗ ಬರಬಾರದೇಕೆ? ಜ್ಞಾನವು ದೇಹದ ಧರ್ಮವನ್ನು ತಪ್ಪಿಸುವುದಿಲ್ಲ. ದೇಹವೇ ತಾನೆಂಬ ಭ್ರಾಂತಿಯಿಂದ ಮುಂದೆ ಬರಲಿರುವ ದುಃಖವನ್ನು ತಪ್ಪಿಸುತ್ತದೆ. ಕೊನೆಯ ದಿನಗಳಲ್ಲಿ ಗಿರೀಶಚಂದ್ರ ಘೋಷರು ರಚಿಸಿದ, ದುಃಖದ ಇರುಳು ಕಳೆದುದನ್ನು ಸಾರುವ ಗೀತೆಯೊಂದನ್ನು ಹಾಡಿಸಿ ಆನಂದಿಸಿದರೆಂದು ಅವರ ಚರಿತ್ರಕಾರರು ಹೇಳುತ್ತಾರೆ. ೧೯೧೧ರ ಆಗಸ್ಟ್ ೨೧ರಂದು, ನಲವತ್ತೆಂಟರ ವಯಸ್ಸಿನಲ್ಲಿ, ಸ್ವಾಮಿಗಳು ದೇಹತ್ಯಾಗ ಮಾಡಿದರು.

ಕೈಗೆ ಬಂದ ಕೆಲಸವನ್ನು ಬಿಡದೆ ಮಾಡಿ, ಅದರ ಫಲದ ಹಂಬಲವನ್ನು ಬಿಡುವುದೇ ನಿಜವಾದ ವೈರಾಗ್ಯ. ವಿದ್ಯಾರ್ಥಿಗಳು ಈ ಬಾಳಿನಿಂದ ಕಲಿಯಬೇಕಾದ ಮೊದಲ ಪಾಠವೂ ಅದೇ.